ನೆಲಮಾಳಿಗೆಯಲ್ಲಿ ಆರ್ವಿಡ್‌ನ ಸಸಿಗಳು

ಹ್ಯಾನ್ಕಾಕ್, ಮಿಷಿಗನ್
ಅಕ್ಟೋಬರ್ 8, 2017

ಆರ್ವಿಡ್,

ನಿನ್ನ ಬಾಡಿಗೆ ಮನೆ ಖಾಲಿ ಮಾಡಿದ್ದಾಯಿತು. ಮನೆ ಮಾಲೀಕ ಭಾನುವಾರದ ಗಡುವು ಕೊಟ್ಟಿದ್ದ. ಶನಿವಾರ ಇಡೀ ದಿನ ಆಲಿಕಲ್ಲು ಬೆರೆತ ಮಳೆಯಲ್ಲಿ ನಾನೊಬ್ಬಳೇ ಒಂಬತ್ತು ಸಲ ಓಡಾಡಿದೆ. ನಿನ್ನ ಬಟ್ಟೆ ಎರಡು ಚೀಲ, ಪಾತ್ರೆ ಒಂದು ಪೆಟ್ಟಿಗೆ. ಮಿಕ್ಕಿದ್ದೆಲ್ಲ ಮಣ್ಣಿಲ್ಲದೆ ಸೊಪ್ಪು ಬೆಳೆಸುವ ನಿನ್ನ ಆ ನೀರಿನ ತೋಟ. ತೂತು ಕೊರೆದ ಬಿಳಿ ಪೈಪುಗಳು, ದೀಪಗಳು, ತೊಟ್ಟಿ, ಪಂಪು, ಗೋಲಿಯಂಥ ಮಣ್ಣಿನ ಉಂಡೆಗಳ ನಾಲ್ಕು ಮೂಟೆ. ನಲವತ್ತೆಂಟು ವರ್ಷದ ಗಂಡಸಿನ ಆಸ್ತಿ ಇದು.

ಎಲ್ಲವನ್ನೂ ನೇರವಾಗಿ ಕಸದ ಗುಂಡಿಗೆ ಸುರಿಯುವುದು ನನ್ನ ಯೋಚನೆಯಾಗಿತ್ತು. ಡೆನ್ಜಿಲ್ ಬಿಡಲಿಲ್ಲ. "ನಮ್ಮ ನೆಲಮಾಳಿಗೆಗೇ ತಂದಿಡು" ಅಂದ. ನೀನು ಕುಡಿದು ಓಡಿಸುತ್ತಿದ್ದ ಗಾಡಿಯಲ್ಲಿ ಎಡಗಾಲು ಕಳೆದುಕೊಂಡವನು ನಿನ್ನ ಪೈಪುಗಳ ಮೇಲೆ ಕರುಣೆ ತೋರಿಸುತ್ತಾನೆ. ನನ್ನ ಗಂಡನ ಮನಸ್ಸು ದೊಡ್ಡದು. ನಿನ್ನ ಅಕ್ಕನದು ಅಷ್ಟು ದೊಡ್ಡದಲ್ಲ, ಅದು ನಿನಗೆ ಗೊತ್ತಿರಲಿ.

ಈಗ ಇನ್ನೊಂದು ಹಟ ಹಿಡಿದಿದ್ದಾನೆ. ನಿನ್ನ ಫ್ರಿಜ್ಜಿನಲ್ಲಿದ್ದ ಬೀಜಗಳು ಹಾಳಾಗುತ್ತವಂತೆ, ಪಂಪು ಓಡದಿದ್ದರೆ ಹಿಡಿದುಕೊಳ್ಳುತ್ತದಂತೆ, ಸಸಿ ಎಬ್ಬಿಸಿ ಪೈಪಿನಲ್ಲಿ ಕೂರಿಸಬೇಕಂತೆ. ಅವನು ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಕೃತಕ ಕಾಲು ಬಂದು ಎರಡು ತಿಂಗಳಾಯಿತು, ಕಪಾಟಿನಲ್ಲೇ ಇದೆ. ಅಂದರೆ ಕೂರಿಸುವವಳು ನಾನು. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬಡಿಸಿ ಬಂದವಳು ಮನೆಯಲ್ಲಿ ಸೊಪ್ಪಿಗೂ ಉಣಿಸಬೇಕು.

ಏನು ಮಾಡಬೇಕೆಂದು ಬರೆ. ಒಂದೇ ಪುಟ.

ಮಾರ್ಲಿಸ್

·

ಜೈಲಿನಿಂದ
ಅಕ್ಟೋಬರ್ 17

ಮಾರ್ಲಿಸ್,

ನೀನು ಅದನ್ನು ಎಸೆಯಲಿಲ್ಲ ಅನ್ನುವ ಸಾಲನ್ನು ಎರಡು ಸಲ ಓದಿದೆ. ಕುಡಿತ ಬಿಟ್ಟ ಆ ಏಳು ತಿಂಗಳು ನನ್ನ ಕೈಗೆ ಕೆಲಸ ಕೊಟ್ಟದ್ದು ಆ ಪೈಪುಗಳು. ಸರಿ, ಈಗ ಕೆಲಸಕ್ಕೆ ಬರುತ್ತೇನೆ.

ಮೊದಲು ನೀರು. ನಲ್ಲಿ ನೀರನ್ನು ನೇರವಾಗಿ ಬಳಸಬೇಡ. ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಬಿಡು, ಕ್ಲೋರಿನ್ ವಾಸನೆ ಹೋಗಲಿ. ಆಮೇಲೆ ಚೂರು ನೀರನ್ನು ಬೇರೆ ತೆಗೆದು, ಸಣ್ಣ ಸೀಸೆಯಲ್ಲಿರುವ ಬಣ್ಣದ ಔಷಧಿ ಮೂರು ಹನಿ ಹಾಕಿ ನೋಡು. ನೀರು ನೀಲಿಯಾದರೆ ಹುಳಿ ಸಾಲದು, ಕೆಂಪಾದರೆ ಹೆಚ್ಚಾಯಿತು. ಹಳದಿಗೆ ಚೂರೇ ಚೂರು ಹಸಿರು ಬೆರೆತಂತೆ ಇರಬೇಕು.

ಬೀಜವನ್ನು ಮಣ್ಣಿಗೆ ಹಾಕುವುದಿಲ್ಲ, ಸ್ಪಂಜಿನ ತುಂಡಿಗೆ ಹಾಕುವುದು. ತುಂಡನ್ನು ನೆನೆಸು, ಹಿಂಡಬೇಡ. ಒಂದೊಂದರಲ್ಲಿ ಎರಡು ಬೀಜ. ಲೆಟ್ಯೂಸ್ ಸೊಪ್ಪಿನ ಬೀಜವನ್ನು ಆಳಕ್ಕೆ ತುರುಕಬೇಡ, ಅದಕ್ಕೆ ಬೆಳಕು ಕಾಣಬೇಕು. ತಟ್ಟೆಯ ಮೇಲೆ ಮುಚ್ಚಳ ಇಡು. ಮೊಳಕೆ ತಲೆಯೆತ್ತಿದ ದಿನವೇ ಮುಚ್ಚಳ ತೆಗೆದುಬಿಡು, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಗೊಬ್ಬರದ ದ್ರವವನ್ನು ಬಾಟಲಿಯ ಮೇಲೆ ಬರೆದಷ್ಟು ಹಾಕಬೇಡ, ಎಳೆಯ ಸಸಿಗೆ ಅದರ ಕಾಲುಭಾಗ ಸಾಕು.

ಸ್ಪಂಜಿನ ಅಡಿಯಿಂದ ಬಿಳಿ ಬೇರು ಇಣುಕಿದಾಗ ಜಾಲರಿಯ ಬಟ್ಟಲಿಗೆ ಇಳಿಸು. ಸುತ್ತ ಮಣ್ಣಿನ ಉಂಡೆ ತುಂಬು. ಉಂಡೆಗಳನ್ನು ಮೊದಲು ತೊಳೆ, ಧೂಳು ಪಂಪಿಗೆ ಹೋದರೆ ಕಟ್ಟಿಕೊಳ್ಳುತ್ತದೆ. ಬಟ್ಟಲಿನ ತಳ ನೀರಿಗೆ ತಾಗಬೇಕು, ಮುಳುಗಬಾರದು.

ಇನ್ನೂ ಮೂರು ಪುಟ ಇದೆ. ಪಂಪು ಜೋಡಿಸುವ ಚಿತ್ರ ಬೇರೆ ಹಾಳೆಯಲ್ಲಿ ಬಿಡಿಸಿದ್ದೇನೆ.

ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಆರ್ವಿಡ್

·

ಹ್ಯಾನ್ಕಾಕ್
ನವೆಂಬರ್ 5

ಆರ್ವಿಡ್,

ಒಂದು ಪುಟ ಕೇಳಿದೆ, ಏಳು ಕಳಿಸಿದೆ. ಚಿಕ್ಕವನಿದ್ದಾಗ ಸಮಯ ಎಷ್ಟಾಯಿತು ಅಂತ ಕೇಳಿದರೆ ಗಡಿಯಾರ ಬಿಚ್ಚಿ ತೋರಿಸುತ್ತಿದ್ದವನಲ್ಲವಾ ನೀನು.

ನೀನು ಹೇಳಿದ ಹಾಗೇ ಮಾಡಿದೆ. ಮೂವತ್ತಾರು ತುಂಡು ನೆನೆಸಿದೆ, ನಾಲ್ಕನೇ ದಿನಕ್ಕೆ ಮೊಳಕೆ ಬಂತು. ಸಂತೋಷವೂ ಆಯಿತು ಅನ್ನು. ಒಂದು ವಾರದಲ್ಲಿ ನೂಲಿನ ಹಾಗೆ ಉದ್ದಕ್ಕೆ ಬೆಳೆದು ಎಲ್ಲವೂ ಒಂದೇ ಕಡೆಗೆ ಮಗುಚಿಕೊಂಡವು. ಬೆಳಗ್ಗೆ ಇಳಿದು ನೋಡಿದರೆ ಕುಡಿದು ಬಿದ್ದವರ ಹಾಗೆ ಮಲಗಿದ್ದವು. ಈ ಮಾತನ್ನು ಹೊಡೆದು ಹಾಕೋಣ ಅಂದುಕೊಂಡೆ, ಆಮೇಲೆ ಇರಲಿ ಅಂತ ಬಿಟ್ಟೆ.

"ನೀವೆಲ್ಲ" ಅಂತ ಬರೆದಿದ್ದೀಯಲ್ಲ, ಈ ಮನೆಯಲ್ಲಿ ಇರುವುದು ಇಬ್ಬರು. ಒಬ್ಬಳು ನಾನು. ಇನ್ನೊಬ್ಬನಿಗೂ ಹೆಸರಿದೆ. ಹನ್ನೆರಡು ವರ್ಷ ಅವನ ಜೊತೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಿಸಲು ಹಾಕಿ ಮೀನು ಹಿಡಿದಿದ್ದೀಯ. ಏಳು ಪುಟದಲ್ಲಿ ಬೇರಿನ ಬಣ್ಣ ಬಂತು, ಪಂಪಿನ ರಬ್ಬರ್ ಬಂತು, ಉಂಡೆ ತೊಳೆಯುವುದೂ ಬಂತು. ಡೆನ್ಜಿಲ್‌ನ ಕಾಲು ಹೇಗಿದೆ ಅನ್ನುವ ಒಂದು ಸಾಲು ಬರಲಿಲ್ಲ. ಆ ಅಪಘಾತದ ಸಂಜೆಯ ಬಗ್ಗೆ ಕೋರ್ಟಿನಲ್ಲಿ "ಹೌದು" ಅಂದದ್ದು ಬಿಟ್ಟು ನಿನ್ನ ಬಾಯಿಂದ ನಾನು ಏನೂ ಕೇಳಿಲ್ಲ.

ಸಸಿ ಯಾಕೆ ಬಿದ್ದವು, ಅದನ್ನಾದರೂ ಹೇಳು.

ಮಾರ್ಲಿಸ್

·

ಜೈಲಿನಿಂದ
ನವೆಂಬರ್ 14

ಮಾರ್ಲಿಸ್,

ದೀಪ ತುಂಬಾ ಮೇಲಿದೆ. ಬೆಳಕು ಹುಡುಕಿಕೊಂಡು ಉದ್ದವಾಗಿವೆ, ಅಷ್ಟೇ. ಸರಪಳಿ ಇಳಿಸಿ ಸಸಿಯ ತಲೆಯಿಂದ ಒಂದು ಗೇಣಷ್ಟೇ ಮೇಲಿರುವಂತೆ ಇಡು. ದಿನಕ್ಕೆ ಹದಿನಾರು ಗಂಟೆ ಉರಿಯಲಿ. ಸಣ್ಣ ಫ್ಯಾನ್ ಇದೆ ನೋಡು, ಅದರ ಗಾಳಿ ಮೆಲ್ಲಗೆ ತಾಗುವಂತೆ ಇಡು, ಕಾಂಡ ಗಟ್ಟಿಯಾಗುತ್ತದೆ. ಬಿದ್ದವನ್ನು ಎಸೆದು ಹೊಸದಾಗಿ ಹಾಕು. ಅದು ನಿನ್ನ ತಪ್ಪಲ್ಲ, ದೀಪದ ಎತ್ತರ ಬರೆಯಲು ನಾನು ಮರೆತೆ.

ಬೇರೆ ವಿಷಯ ಬರೆಯಲು ನನಗೆ ಬರುವುದಿಲ್ಲ. ಬರೆದು ಬರೆದು ಹರಿದಿದ್ದೇನೆ. ಬೈಯಬೇಕು ಅನ್ನಿಸಿದರೆ ಬೈದು ಬರೆ, ಕಾಗದ ನಿಲ್ಲಿಸಬೇಡ.

ಆರ್ವಿಡ್

·

ಹ್ಯಾನ್ಕಾಕ್
ಡಿಸೆಂಬರ್ 10

ಆರ್ವಿಡ್,

ಎರಡನೇ ಸಲದವು ನಿಂತವು. ಗಿಡ್ಡಗೆ, ದಪ್ಪಗೆ. ಹೋದ ಭಾನುವಾರ ಇಪ್ಪತ್ತೆಂಟನ್ನು ಪೈಪಿನಲ್ಲಿ ಕೂರಿಸಿದೆ. ಉಂಡೆ ತೊಳೆದು ತೊಳೆದು ಕೈ ಬಿರಿದಿದೆ, ಹಬೆಸ್ನಾನದ ಸೌನಾ ಕೋಣೆಯ ನೀರು ಹೋಗುವ ಗುಂಡಿಯೆಲ್ಲ ಕೆಂಪು ಕೆಸರು. ಎಳೆ ಬೇರನ್ನು ಬಟ್ಟಲಿನ ಜಾಲರಿಯಿಂದ ಹೊರಗೆ ಎಳೆಯುವಾಗ ಮೂರು ತುಂಡಾದವು. ಬೇರು ಮುರಿದರೆ ಸದ್ದಾಗುವುದಿಲ್ಲ, ಆದರೂ ಕೇಳಿಸಿದ ಹಾಗಾಗುತ್ತದೆ.

ಈಗ ನಡೆದದ್ದು ಕೇಳು. ಗುರುವಾರ ನಾನು ಶಾಲೆಯಲ್ಲಿದ್ದೆ. ಹತ್ತು ಗಂಟೆಗೆ ಪಂಪು ನಿಂತಿತಂತೆ. ಆ ಗುರುಗುರು ಸದ್ದು ತಲೆ ತಿನ್ನುತ್ತದೆ ಅಂತ ನಾಲ್ಕು ದಿನದಿಂದ ಗೊಣಗುತ್ತಿದ್ದವನು ಡೆನ್ಜಿಲ್. ನಿಂತ ಕೂಡಲೇ ಕುರ್ಚಿಯಲ್ಲಿ ಕೂರಲಾಗಲಿಲ್ಲವಂತೆ. ಶಾಲೆಗೆ ಫೋನ್ ಮಾಡಿದ್ದಾನೆ, ನಾನು ಎತ್ತಲಿಲ್ಲ. ಸಾಯಂಕಾಲ ಬಂದು ನೋಡಿದರೆ ಕುರ್ಚಿ ಖಾಲಿ. ಊರುಗೋಲು ಮೆಟ್ಟಿಲ ತಲೆಯಲ್ಲಿ ಬಿದ್ದಿದೆ. ಕೋಟು ಬಿಚ್ಚದೇ ಮೆಟ್ಟಿಲಿಳಿದೆ.

ಕೆಳಗೆ ನಿನ್ನ ತೊಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದ. ಹದಿಮೂರು ಮೆಟ್ಟಿಲನ್ನು ಕೂತುಕೊಂಡೇ ಜಾರಿಕೊಂಡು ಇಳಿದಿದ್ದಾನೆ. ಪಂಪು ಬಿಚ್ಚಿ ಅದರ ಹಲ್ಲುಗಳಿಂದ ಕೆಂಪು ಧೂಳನ್ನು ನನ್ನ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿದ್ದ.

"ಸರಿಯಾಗಿ ತೊಳೀಲಿಲ್ಲ ನೀನು," ಅಂದ.

ಆರು ಗಂಟೆ ಅಲ್ಲೇ ಕೂತಿದ್ದಾನೆ, ಹತ್ತಲಾಗದೆ. ಕಪ್ಪಿನಿಂದ ಒಂದೊಂದೇ ಗಿಡದ ಬುಡಕ್ಕೆ ನೀರು ಹೊಯ್ಯುತ್ತಾ. ಒಂದೂ ಬಾಡಿಲ್ಲ. ಬೈಯಬೇಕೋ ಅಳಬೇಕೋ ತಿಳಿಯದೆ ಅಲ್ಲಿಗೇ ಮಾಂಸ ತುಂಬಿದ ಪ್ಯಾಸ್ಟಿ ಕಡುಬು ತಂದುಕೊಟ್ಟೆ.

ಮಾರನೇ ದಿನ ಕಪಾಟಿನಿಂದ ಕಾಲು ತೆಗೆಸಿದ. "ಮೆಟ್ಟಿಲಿಗೆ ಮಾತ್ರ," ಅಂದ.

ಮಾರ್ಲಿಸ್

·

ಹ್ಯಾನ್ಕಾಕ್
ಡಿಸೆಂಬರ್ 20

ಆರ್ವಿಡ್,

ನಾನು ಡೆನ್ಜಿಲ್. ನನ್ನ ಕೈಬರಹ ನೋಡಿ ನಗಬೇಡ.

ನಿನ್ನ ಪೈಪಿನ ಇಳಿಜಾರು ತಪ್ಪು. ಮೂರನೇ ಪೈಪಿನ ಕೊನೆಯಲ್ಲಿ ನೀರು ನಿಂತು ಪಾಚಿ ಕಟ್ಟಿದೆ. ಇಪ್ಪತ್ತಾರು ವರ್ಷ ಕೌಂಟಿಯ ರಸ್ತೆಯಲ್ಲಿ ಗಾಡಿ ಓಡಿಸಿ ಹಿಮ ತಳ್ಳಿದವನು ನಾನು, ನೀರು ಯಾವ ಕಡೆ ಓಡುತ್ತೆ ಅಂತ ನನಗೆ ಗೊತ್ತು. ಅಡಿಗೆ ಮರದ ಚಕ್ಕೆ ಕೊಟ್ಟು ಎತ್ತಿದ್ದೇನೆ. ಖಾಲಿ ತೂತುಗಳನ್ನು ಟೇಪಿನಿಂದ ಮುಚ್ಚಿದ್ದೇನೆ, ಬೆಳಕು ಬಿದ್ದಲ್ಲೆಲ್ಲ ಪಾಚಿ. ನಿನಗೆ ಇದೆಲ್ಲ ಹೊಳೆಯಲಿಲ್ಲವೇನೋ ಮಾರಾಯ. ಸಬ್ಬಸಿಗೆ ಒಂದು ಚೆನ್ನಾಗಿ ಬಂದಿದೆ.

ಬೇರೆ ಒಂದು ವಿಷಯ ಬರೆಯಲು ಕೂತಿದ್ದೆ. ಏನದು ಅಂತ ನಿನಗೆ ಗೊತ್ತು. ಅವಳಿಗೆ ಹೇಳಿಬಿಡುತ್ತೇನೆ, ಇನ್ನು ಆಗುವುದಿಲ್ಲ ನನ್ನಿಂದ.

ಡೆನ್ಜಿಲ್

·

ಜೈಲಿನಿಂದ
ಜನವರಿ 4, 2018

ಡೆನ್ಜಿಲ್,

ಇಳಿಜಾರು ನೀನು ಹೇಳಿದ್ದೇ ಸರಿ.

ಇನ್ನೊಂದು ವಿಷಯ ಬಿಡು. ಆಗಿದ್ದು ಆಯಿತು, ಅರ್ಧ ಶಿಕ್ಷೆ ಮುಗಿದಿದೆ. ಈಗ ಹೇಳಿ ಯಾರಿಗೆ ಏನು ಉಪಕಾರ? ಮೆಟ್ಟಿಲು ಹತ್ತಿ ಇಳಿ, ಕಾಲು ಅಭ್ಯಾಸ ಮಾಡಿಕೋ. ಈ ಕಾಗದ ಒಲೆಗೆ ಹಾಕು.

ಆರ್ವಿಡ್

·

ಹ್ಯಾನ್ಕಾಕ್
ಫೆಬ್ರವರಿ 2

ಆರ್ವಿಡ್,

ಡೆನ್ಜಿಲ್ ಕಾಗದವನ್ನು ಒಲೆಗೆ ಹಾಕಲಿಲ್ಲ. ನನ್ನ ಮುಂದೆ ಇಟ್ಟ. ಹೇಗೆ ಅಂತ ಹೇಳುತ್ತೇನೆ.

ಮಂಗಳವಾರ ಜೈಲಿನ ಬಿಡುಗಡೆ ಮಂಡಳಿಯಿಂದ ಒಂದು ಫಾರಂ ಬಂತು. ನಿನ್ನನ್ನು ಜೂನ್‌ನಲ್ಲಿ ಬಿಡಬಹುದೇ, ಗಾಯಗೊಂಡವರಿಗೂ ಅವರ ಮನೆಯವರಿಗೂ ಹೇಳುವುದು ಏನಾದರೂ ಇದೆಯೇ, ಅಂತ. ನಾನು ಪೆನ್ನು ತೆಗೆದುಕೊಂಡು ಅಡುಗೆಮನೆಯ ಮೇಜಿಗೆ ಕೂತೆ. ಅವನು ಎದುರಿಗೆ.

"ಏನು ಬರೀಲಿ?" ಅಂದೆ.

"ಬಿಡ್ರಿ ಅಂತ ಬರಿ."

"ನೀನು ಬೇಡ ಬೇಡ ಅಂದ್ರೂ ಎಳ್ಕೊಂಡ್ ಹೋಗಿ ಗಾಡಿ ಹತ್ತಿಸಿದವನು ಅವನು. ಕೋರ್ಟಲ್ಲಿ ನಾನೇ ಹೇಳಿದೀನಿ. ಈಗ ಹೆಂಗೆ ತಿರುಗಿಸ್ಲಿ?"

"ನಾನು ಬೇಡ ಅನ್ಲಿಲ್ಲ ಮಾರ್ಲಿಸ್."

ನಾನು ಪೆನ್ನು ಇಟ್ಟೆ.

"ಬೇಡ ಅಂದೋನು ಆರ್ವಿಡ್," ಅಂದ. "ಒಲೆಗೆ ಇನ್ನೊಂದು ಕೊರಡು ಹಾಕ್ತೀನಿ, ಕೆರೆ ಮೇಲಿನ ಗುಡಿಸಲಲ್ಲೇ ಮಲಗೋಣ ಅಂದ. ಬೆಳಗ್ಗೆ ನಾಲ್ಕಕ್ಕೆ ನಂಗೆ ಡ್ಯೂಟಿ ಇತ್ತು. ಅದರ ಹಿಂದಿನ ತಿಂಗಳೇ ತಪ್ಪಿಸ್ಕೊಂಡು ಬೈಸ್ಕೊಂಡಿದ್ದೆ. ನನ್ನ ಗಾಡಿ, ನನ್ನ ಕೀಲಿ. ಅವನ ಕೈಗೆ ತುರುಕಿದೆ. ನೀನು ಕಮ್ಮಿ ಕುಡಿದಿದೀಯ, ನೀನೇ ಓಡಿಸು, ಹೆದರುಪುಕ್ಕನ ಥರ ಆಡ್ಬೇಡ ಅಂದೆ. ಏಳು ತಿಂಗಳು ಮುಟ್ಟದೇ ಇದ್ದೋನಿಗೆ ಆವತ್ತು ಮೊದಲ್ನೇ ಬಾಟ್ಲಿ ತೆಗೆದು ಕೊಟ್ಟೋನೂ ನಾನೇ."

"ಮತ್ತೆ ಆಸ್ಪತ್ರೇಲಿ ನಂಗೆ ಯಾಕೆ ಹಂಗೆ ಹೇಳಿದೆ?"

"ನಾನೆಲ್ಲಿ ಹೇಳಿದೆ? ನೀನೇ ಬಗ್ಗಿ, ನೀನು ಬೇಡ ಅಂದಿರ್ತೀಯ ಅಲ್ವಾ ಡೆನ್ಜಿಲ್ ಅಂತ ಕೇಳಿದೆ. ನಾನು ಹೂಂ ಅಂದೆ. ಕಾಲು ಹೋಗಿತ್ತು. ನಿನ್ನ ಕಣ್ಣಲ್ಲಿ ಇನ್ನೂ ಏನೂ ಹೋಗೋದು ಬೇಡ ಅನ್ನಿಸ್ತು. ಆಮೇಲೆ ಪ್ರತಿ ದಿನ ಹೇಳ್ಬೇಕು ಅನ್ಕೋತಿದ್ದೆ. ಒಂದು ದಿನ ತಡವಾದಂಗೆಲ್ಲ ಇನ್ನೂ ಕಷ್ಟ ಆಯ್ತು."

ಆಗ ನಿನ್ನ ಕಾಗದ ತಂದಿಟ್ಟ.

ಕೋಟು ಕೈಗವಸು ಏನೂ ಹಾಕಿಕೊಳ್ಳದೆ ಹೊರಗೆ ಹೋಗಿ ಹಿಮ ಎತ್ತಿದೆ. ನಮ್ಮ ದಾರಿ ಮುಗಿಸಿ ಪಕ್ಕದವರದ್ದೂ ಎತ್ತಿದೆ. ಕೈ ಮರಗಟ್ಟುವವರೆಗೆ. ಇಬ್ಬರು ಗಂಡಸರು ಸೇರಿ ನನ್ನನ್ನು ಒಂದು ವರ್ಷ ಮೂರ್ಖಳನ್ನಾಗಿ ಇಟ್ಟುಕೊಂಡಿದ್ದೀರಿ. ಜಡ್ಜಿನ ಮುಂದೆ ನಾನು ಎದ್ದು ನಿಂತು ಸುಳ್ಳು ಹೇಳಿದೆ, ಸುಳ್ಳು ಅಂತ ಗೊತ್ತಿಲ್ಲದೆ. ಜಡ್ಜು ನಿನ್ನನ್ನು ನಿಜವೇ ಅಂತ ಕೇಳಿದಾಗ ನೀನು ನನ್ನ ಮುಖ ನೋಡಿ "ಹೌದು" ಅಂದೆ. ಯಾಕೆ ಅಂದೆ? ಬೇರಿನ ಬಗ್ಗೆ ಏಳು ಪುಟ ಬರೆಯುವವನು ಇದಕ್ಕೆ ಒಂದು ಪುಟ ಬರೆ.

ಮಾರ್ಲಿಸ್

·

ಜೈಲಿನಿಂದ
ಫೆಬ್ರವರಿ 12

ಮಾರ್ಲಿಸ್,

ಎಂಥ ಮನುಷ್ಯ ನಿನ್ನ ಗಂಡ. ಸುಡು ಅಂದರೆ ತಂದು ತೋರಿಸುತ್ತಾನೆ.

ನೀನು ಮಂಡಳಿಗೆ ಏನೂ ಬರೆಯಬೇಡ. ಬಾಟಲಿ ಅವನು ಕೊಟ್ಟ, ಬಾಯಿಗೆ ಎತ್ತಿದ್ದು ನನ್ನ ಕೈ. ಕೀಲಿ ಅವನು ಕೊಟ್ಟ, ತಿರುಗಿಸಿದ್ದು ನನ್ನ ಕೈ. ರಸ್ತೆ ತಿರುವು ಕಾಣದೇ ಹೋದದ್ದು ನನ್ನ ಕಣ್ಣಿಗೆ. ಬೇಡ ಅಂದೂ ಕೊನೆಗೆ ಓಡಿಸಿದವನ ತಪ್ಪು ಹೆಚ್ಚೇ, ಕಡಿಮೆಯಲ್ಲ. ಇಲ್ಲಿ ದಿನಾ ಬೆಳಗ್ಗೆ ಎದ್ದಾಗ ನನಗೆ ಕಾಣುವುದು ಕೀಲಿಯಲ್ಲ. ಗಾಡಿಯ ಬಾಗಿಲಿಗೆ ಸಿಕ್ಕಿಕೊಂಡ ಅವನ ಬೂಟು.

ಯಾಕೆ "ಹೌದು" ಅಂದೆ ಅಂತ ಕೇಳಿದ್ದೀಯ. ಹೇಳುತ್ತೇನೆ, ಇದನ್ನು ಎಂಟನೇ ಸಲ ಬರೆಯುತ್ತಿರುವುದು. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಬದುಕುವುದು ನಿನಗೆ ಅಭ್ಯಾಸವಿದೆ, ಅಪ್ಪ ತೀರಿದಾಗಿನಿಂದ ಬದುಕಿದ್ದೀಯ. ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಅವನ ಗಾಯ ತೊಳೆಯುವವರು ಯಾರು? ಆ ಕೋರ್ಟಿನ ಕೋಣೆಯಲ್ಲಿ ಯೋಚಿಸಲು ನನಗಿದ್ದದ್ದು ಅರ್ಧ ನಿಮಿಷ. ಅಷ್ಟೇ ಹೊಳೆದದ್ದು.

ಆರ್ವಿಡ್

·

ಹ್ಯಾನ್ಕಾಕ್
ಫೆಬ್ರವರಿ 21

ಆರ್ವಿಡ್,

ಬರೆದು ಕಳಿಸಿ ಆಯಿತು. ಎರಡು ಕಾಗದ. ಒಂದು ನನ್ನದು, ಕೋರ್ಟಿನಲ್ಲಿ ನಾನು ಹೇಳಿದ್ದು ನಿಜವಲ್ಲ ಅಂತ. ಇನ್ನೊಂದು ಡೆನ್ಜಿಲ್‌ನದು, ನಿಜ ಏನು ಅಂತ. ನಿನ್ನ ಅಪ್ಪಣೆ ಕೇಳಲಿಲ್ಲ, ನನ್ನ ಸುಳ್ಳನ್ನು ತೆಗೆಯಲು ನನಗೆ ನಿನ್ನ ಅಪ್ಪಣೆ ಬೇಕಾಗಿಲ್ಲ. ನೀನು ತಪ್ಪಿತಸ್ಥನಲ್ಲ ಅಂತ ನಾನೆಲ್ಲೂ ಬರೆದಿಲ್ಲ. ನೀನು ತಪ್ಪಿತಸ್ಥನೇ.

ಗಾಯ ತೊಳೆಯುವವರು ಯಾರು ಅಂತ ಕೇಳಿದ್ದೀಯಲ್ಲ. ನಾನೇ. ಸಿಟ್ಟಿನಲ್ಲೂ ತೊಳೆಯುತ್ತೇನೆ. ಮೂರು ವಾರದಿಂದ ಅವನ ಜೊತೆ ಮಾತು ಬಿಟ್ಟಿದ್ದೇನೆ, ಆದರೆ ದಿನಾ ತೊಳೆದು ಮುಲಾಮು ಹಚ್ಚಿದ್ದೇನೆ. ಅಕ್ಕನನ್ನು ಇಷ್ಟು ವರ್ಷ ನೋಡಿ ನಿನಗೆ ಅಷ್ಟೂ ಗೊತ್ತಾಗಲಿಲ್ಲವಾ? ನೀನು ನನಗೆ ಮಾಡಿದ ಅವಮಾನಗಳಲ್ಲಿ ಇದೇ ದೊಡ್ಡದು.

ಲೆಟ್ಯೂಸ್ ಕೊಯ್ದೆ. ಅವನು ತಟ್ಟೆಯಲ್ಲಿ ಹಾಕಿಕೊಂಡು ನನ್ನ ಕಡೆ ನೋಡಿದ. ಉಪ್ಪು ಮುಂದಕ್ಕೆ ತಳ್ಳಿದೆ.

ಮಾರ್ಲಿಸ್

·

ಜೈಲಿನಿಂದ
ಏಪ್ರಿಲ್ 19

ಮಾರ್ಲಿಸ್,

ಬಿಡುಗಡೆ ಜೂನ್ 12 ಅಂದಿದ್ದಾರೆ ಮಂಡಳಿಯವರು. ನಿಮ್ಮ ಕಾಗದಗಳಿಂದ ಆಯಿತೋ, ನನ್ನ ನಡತೆಯಿಂದ ಆಯಿತೋ, ಅವರು ಹೇಳಲಿಲ್ಲ. ಕಾಗದಗಳನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಓದಿ ಹೇಳಲೇ ಅಂತ ಒಬ್ಬಳು ಕೇಳಿದಳು. ಬೇಡ ಅಂದೆ.

ನೀವು ಬರುವುದು ಬೇಡ. ಬಸ್ಸಿನಲ್ಲಿ ಬಂದು ಎಲ್ಲಾದರೂ ಒಂದು ಕೋಣೆ ನೋಡಿಕೊಳ್ಳುತ್ತೇನೆ. ಅವನ ಎದುರಿಗೆ ನಿಲ್ಲಲು ನನಗೆ ಸ್ವಲ್ಪ ದಿನ ಬೇಕು.

ಆರ್ವಿಡ್

·

ಹ್ಯಾನ್ಕಾಕ್
ಮೇ 6

ಆರ್ವಿಡ್,

ಬಸ್ಸಿನ ಮಾತು ಬಿಡು. ನಾನು ಬರುತ್ತೇನೆ, ಡೆನ್ಜಿಲ್ ಜೊತೆಗಿರುತ್ತಾನೆ, ಗಾಡಿ ನಾನು ಓಡಿಸುತ್ತೇನೆ. ಆರು ಗಂಟೆಯ ದಾರಿ. ಅವನು ಪೈಪಿನ ಬಗ್ಗೆ ಮಾತಾಡುತ್ತಲೇ ಇರುತ್ತಾನೆ, ಐದನೆಯದನ್ನು ಜೋಡಿಸಿದ್ದಾನೆ. ನಿನಗೆ ಮಾತು ಬಾರದಿದ್ದರೆ ಕೇಳಿಸಿಕೊಂಡು ಕೂತಿರು. ಮಹಡಿಯ ಹಿಂದಿನ ಕೋಣೆ ಗುಡಿಸಿದ್ದೇನೆ. ಮನೆಯಲ್ಲಿ ಬಾಟಲಿ ಇಲ್ಲ, ಇರುವುದೂ ಇಲ್ಲ. ಆ ಮಾತು ಇಬ್ಬರಿಗೂ.

ಇನ್ನೊಂದು ವಿಷಯ ನೀನು ಬರುವ ಮೊದಲು ತಿಳಿದಿರಬೇಕು. ಮಂಡಳಿಗೆ ಬರೆದದ್ದು ಮಂಡಳಿಗೆ ಆಯಿತು. ಕೋರ್ಟಿನಲ್ಲಿ ನಾನು ಹೇಳಿದ್ದನ್ನು ಇಡೀ ಊರು ಕೇಳಿತ್ತು, ಊರಲ್ಲಿ ನಿನಗೆ ಉಳಿದಿರುವ ಹೆಸರು ಅದೇ. ಹಾಗಾಗಿ ಹೋದ ಭಾನುವಾರ ಚರ್ಚು ಮುಗಿದು ಎಲ್ಲರೂ ಕೆಳಗಿನ ಹಾಲ್‌ನಲ್ಲಿ ಕಾಫಿ ಕುಡಿಯುತ್ತಿದ್ದಾಗ ಎದ್ದು ನಿಂತೆ. ನಾನು ಶುರು ಮಾಡುವುದರೊಳಗೆ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಇದು ನಾನು ಹೇಳ್ಬೇಕಾದ್ದು," ಅಂತ ಡೆನ್ಜಿಲ್ ಎದ್ದ.

ಹೇಳಿದ, ಬಾಟಲಿಯಿಂದ ಹಿಡಿದು ಕೀಲಿಯವರೆಗೆ. ಆಮೇಲೆ ಕೆಲವರು ಹತ್ತಿರ ಬಂದರು, ಕೆಲವರು ಕೋಟು ಹಾಕಿಕೊಂಡು ಹೊರಟುಹೋದರು. ಹಾಲ್ ಖಾಲಿಯಾಗುವವರೆಗೂ ಅವನು ಆ ಕೃತಕ ಕಾಲಿನ ಮೇಲೆ ನಿಂತೇ ಇದ್ದ. ಕೂತ್ಕೋ ಅಂತ ತೋಳು ಹಿಡಿದು ಎಳೆದೆ. ಕೂರಲಿಲ್ಲ.

ಜೂನ್ ಹನ್ನೆರಡರ ಬೆಳಗ್ಗೆ ಜೈಲಿನ ಗೇಟಿನ ಹತ್ತಿರ ಇರುತ್ತೇವೆ.

ನಿನ್ನ ಅಕ್ಕ,
ಮಾರ್ಲಿಸ್